ಅಪ್ಪನಿಗೆ ಕಿವಿ ಕೇಳಲ್ಲ, ಅವ್ವನಿಗೆ ಕಣ್ಣು ಕಾಣಲ್ಲ: ಇಬ್ಬರ ಮಾತ್ರೆ ಹೇಗೆ ನೋಡಿಕೊಳ್ಳೋದು?

ನಾಪೋಕ್ಲು ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನಿರೋದು ಮೈಸೂರಲ್ಲಿ. ಅಪ್ಪ, ಅವ್ವ ಇಬ್ಬರೇ ನಾಪೋಕ್ಲು ಹತ್ತಿರ ತೋಟದ ಮನೆಯಲ್ಲಿದ್ದಾರೆ. ಅಪ್ಪನಿಗೆ 81, ಅವ್ವನಿಗೆ 76. ಅಪ್ಪ ಪೊರೆ ತೆಗೆಸಿದ ಮೇಲೆ ಕನ್ನಡಕ ಹಾಕಿಕೊಂಡು ಪೇಪರ್ ಪೂರ್ತಿ ಓದುತ್ತಾರೆ, ಆದರೆ ಕಿವಿ ತೀರಾ ಮಂದ. ಅವ್ವನಿಗೆ ಗ್ಲಾಕೋಮಾ. ಎಡಗಣ್ಣು ಹೋಗಿಬಿಟ್ಟಿದೆ, ಬಲಗಣ್ಣಲ್ಲಿ ಕೊಳವೆಯೊಳಗಿಂದ ನೋಡಿದ ಹಾಗೆ ಎದುರಿಗಿರೋದಷ್ಟೇ ಕಾಣುತ್ತೆ. ಅವ್ವನ ಕಿವಿ ಮಾತ್ರ ಚುರುಕು, ಗೇಟಿನ ಹತ್ತಿರ ಜೀಪ್ ಬಂದರೆ ಯಾರದ್ದು ಅಂತ ಒಳಗಿಂದಲೇ ಹೇಳುತ್ತಾರೆ.

ಕಳೆದ ತಿಂಗಳು ಏನಾಯಿತು ಅಂದರೆ, ಡಾಕ್ಟರು ಅವ್ವನ ಶುಗರ್ ಮಾತ್ರೆ ಗ್ಲಿಮೆಪಿರೈಡನ್ನು 2 ಮಿಲಿಗ್ರಾಂನಿಂದ 1ಕ್ಕೆ ಇಳಿಸಿದರು. ಕೇಳಿಸಿಕೊಂಡಿದ್ದು ಅವ್ವ. ಜೀಪಲ್ಲಿ ಬರುವಾಗ ಅಪ್ಪನಿಗೆ ಹೇಳಿದ್ದಾರೆ, ಅಪ್ಪ "ಹೂಂ ಹೂಂ" ಅಂದಿದ್ದಾರೆ. ಮನೆಯಲ್ಲಿ ಹಳೇ ಸ್ಟ್ರಿಪ್ ಬಿಸ್ಕೆಟ್ ಡಬ್ಬಿಯಲ್ಲಿ ಹಾಗೇ ಇತ್ತು. ಡಾಕ್ಟರು ಹೊಸದೊಂದು ಮಾತ್ರೆ ಸೇರಿಸಿದ್ದಾರೆ ಅಂದುಕೊಂಡು ಅಪ್ಪ ಹಳೇದು, ಹೊಸದು ಎರಡನ್ನೂ ಕೊಟ್ಟಿದ್ದಾರೆ. ಅವತ್ತು ಅವ್ವ ಮಧ್ಯಾಹ್ನ ಸರಿಯಾಗಿ ಊಟ ಮಾಡಿರಲಿಲ್ಲ. ಸಂಜೆ ಅಡಿಗೆ ಮನೆಯಲ್ಲಿ ಮೈಯೆಲ್ಲಾ ಬೆವರಿ, ಕೈ ನಡುಗಿ, ಗೋಡೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದಾರೆ. ಅಪ್ಪನನ್ನು ಕೂಗಿದ್ದಾರೆ. ಅಪ್ಪ ಹತ್ತು ಹೆಜ್ಜೆ ದೂರದ ಜಗಲಿಯಲ್ಲಿ ಕೂತಿದ್ದಾರೆ, ಕೇಳಿಸಿಲ್ಲ. ಪುಣ್ಯಕ್ಕೆ ಲೈನ್ ಮನೆಯಿಂದ ಹಾಲಿಗೆ ಬಂದ ಹುಡುಗಿ ನೋಡಿ ಬೆಲ್ಲದ ಕಾಫಿ ಕುಡಿಸಿದ್ದಾಳೆ. ಆಮೇಲೆ ಆಸ್ಪತ್ರೆ.

ಅವತ್ತಿನಿಂದ ಅಪ್ಪ ಮಾತ್ರೆ ಡಬ್ಬಿ ಮುಟ್ಟೋಕೇ ಹೆದರುತ್ತಾರೆ. ನಾನು ಅಲಾರಂ ತಂದುಕೊಟ್ಟೆ, ಅಪ್ಪನಿಗೆ ಕೇಳಲ್ಲ. ಏಳು ದಿನದ ಮಾತ್ರೆ ಡಬ್ಬಿ ತಂದೆ, ಮುಚ್ಚಳದ ಮೇಲಿನ ಇಂಗ್ಲಿಷ್ ಅಕ್ಷರ ಅವ್ವನಿಗೆ ಕಾಣಲ್ಲ, ಜೊತೆಗೆ ಈ ಮಳೆಗೆ ಎರಡು ಮಾತ್ರೆ ಮೆತ್ತಗಾಗಿ ತಳಕ್ಕೆ ಅಂಟಿಕೊಂಡಿತ್ತು. ಕೆಲಸದವರನ್ನು ಇಟ್ಟು ಎಲ್ಲಾ ಅವರ ಕೈಗೆ ಕೊಡೋದು ನನಗೆ ಇಷ್ಟ ಇಲ್ಲ. ಐವತ್ತು ವರ್ಷ ಒಬ್ಬರನ್ನೊಬ್ಬರು ನೋಡಿಕೊಂಡವರು, ಅದು ಅವರ ಕೈ ತಪ್ಪಬಾರದು. ಇಂಥ ಮನೆ ನಿಭಾಯಿಸಿದವರು ಯಾರಾದರೂ ಇದ್ದರೆ ಹೇಳಿ.

ಗೋಣಿಕೊಪ್ಪ ಮೆಡಿಕಲ್ಸ್ ಹುಡುಗ:

ಅಕ್ಕಾ, ನಾನು ಮೆಡಿಕಲ್ ಶಾಪಲ್ಲಿ ಕೆಲಸ ಮಾಡೋನು. ನಿಮ್ಮ ಅಪ್ಪನ ತಪ್ಪಲ್ಲ ಇದು, ದಯವಿಟ್ಟು ಅವರಿಗೆ ಹಾಗೇ ಹೇಳಿ. ಡೋಸ್ ಬದಲಾದ ದಿನ ಹಳೇ ಸ್ಟ್ರಿಪ್ ಮನೆಯಿಂದ ಆಚೆ ಹೋಗಲೇಬೇಕು. ಬೇರೆ ಡಬ್ಬಿಗೆ ಹಾಕೋದಲ್ಲ, ಮನೆಯಲ್ಲೇ ಇರಬಾರದು. "ದುಡ್ಡು ಕೊಟ್ಟಿದ್ದು, ಇರಲಿ" ಅಂತ ಎತ್ತಿಡೋದರಿಂದಲೇ ಅರ್ಧ ಗಲಾಟೆ.

ಇನ್ನೊಂದು, ಒಂದೇ ಔಷಧಿ ಬೇರೆ ಬೇರೆ ಕಂಪನಿಯಿಂದ ಬೇರೆ ಬೇರೆ ಹೆಸರು, ಬಣ್ಣ, ಆಕಾರದಲ್ಲಿ ಬರುತ್ತೆ. ಕಣ್ಣು ಕಾಣದವರು ಮಾತ್ರೆಯನ್ನು ಬೆರಳಲ್ಲಿ ಗುರುತು ಹಿಡಿಯೋದು: ಉದ್ದದ್ದು ಬಿಪಿದು, ಚಿಕ್ಕ ಗುಂಡಗಿರೋದು ಶುಗರ್‌ದು ಅಂತ. ಕಂಪನಿ ಬದಲಾದರೆ ಆ ಗುರುತೇ ಹೋಯಿತು. ಅದಕ್ಕೆ ಒಂದೇ ಅಂಗಡಿಗೆ ಹೋಗಿ, ಪ್ರತಿ ಸಲ ಅದೇ ಕಂಪನಿದೇ ಕೇಳಿ. ಸಿಗದಿದ್ದರೆ "ಇದು ಯಾವುದರ ಬದಲಿಗೆ" ಅಂತ ಸ್ಟ್ರಿಪ್ ಮೇಲೆ ಬರೆಸಿಕೊಳ್ಳಿ. ಜನೌಷಧಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತೆ, ಒಳ್ಳೇದೇ, ಆದರೆ ಅಲ್ಲಿಂದ ತಂದ ಮೇಲೆ ಹಳೇ ಕಂಪನಿಯದ್ದೂ ಜೊತೆಗೆ ನುಂಗುವವರನ್ನು ನೋಡಿದ್ದೇನೆ.

ಅಪ್ಪನಿಗೆ ಓದೋಕೆ ಬರುತ್ತಲ್ವಾ, ಅದು ದೊಡ್ಡ ಆಸ್ತಿ. ಅವರಿಗೆ ಬಾಯಲ್ಲಿ ಏನೂ ಹೇಳಬೇಡಿ, ಬರೆದುಕೊಡಿ. ಬಿಳಿ ಹಾಳೆ, ದಪ್ಪ ಕಪ್ಪು ಮಾರ್ಕರ್. ಚೀಟಿಯಲ್ಲಿರೋ 1-0-1 ಅಂತ ಅಲ್ಲ, "ಬೆಳಿಗ್ಗೆ ತಿಂಡಿ ಜೊತೆ 1" ಅಂತ ಬಿಡಿಸಿ. ಕೆಳಗೆ ತಾರೀಕು ಹಾಕಿ. ಬದಲಾದರೆ ತಿದ್ದಬೇಡಿ, ಹಳೇ ಹಾಳೆ ಹರಿದು ಹೊಸದು ಬರೆಯಿರಿ. ಅರ್ಧ ಮಾತ್ರೆ ಅಂತ ಬಂದರೆ ಆ ಅರ್ಧದಷ್ಟೇ ಪವರಿನ ಇಡೀ ಮಾತ್ರೆ ಸಿಗುತ್ತಾ ಕೇಳಿ, ಕಣ್ಣು ಕಾಣದ ಕೈಯಲ್ಲಿ ಸರಿಯಾಗಿ ಅರ್ಧ ಮುರಿಯೋಕೆ ಆಗಲ್ಲ. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್ ಅಂತ ಇದ್ದರೆ ಡಾಕ್ಟರನ್ನೋ ಅಂಗಡಿಯವರನ್ನೋ ಕೇಳದೆ ಮುರಿಯಲೇ ಬೇಡಿ, ಅವು ನಿಧಾನವಾಗಿ ಕರಗೋ ಮಾತ್ರೆಗಳು.

ಮತ್ತೆ ಹಾಗೇ ಬೆವರಿ ನಡುಗಿದರೆ, ಎಚ್ಚರ ಇದ್ದು ನುಂಗೋಕೆ ಆಗುತ್ತೆ ಅಂದರೆ ಮಾತ್ರ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಡಿ. 15 ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ. ಆಮೇಲೆ ಊಟ. ಗ್ಲಿಮೆಪಿರೈಡ್ ತುಂಬಾ ಹೊತ್ತು ಕೆಲಸ ಮಾಡುತ್ತೆ, ಶುಗರ್ ಮತ್ತೆ ಇಳಿಯಬಹುದು, ಆರಾಮಾದರು ಅಂತ ಸುಮ್ನೆ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನೀವು ಹಾಗೇ ಮಾಡಿದ್ದೀರಿ.

ಸಿದ್ದಾಪುರ ತೋಟ:

ಮಳೆಗಾಲದಲ್ಲಿ ಮಾತ್ರೆ ಮೆತ್ತಗಾಗೋದಕ್ಕೆ ನಾವು ಮಾಡೋದು ಹೀಗೆ. ಸ್ಟ್ರಿಪ್ ಬಿಡಿಸೋದೇ ಇಲ್ಲ. ಕತ್ತರಿಯಲ್ಲಿ ಒಂದೊಂದಾಗಿ ಕತ್ತರಿಸಿ ಹಾಗೇ ಡಬ್ಬಿಯ ಖಾನೆಗೆ ಹಾಕ್ತೀವಿ. ತೇವ ತಾಗಲ್ಲ.

ಹಾರಂಗಿ ದಡ:

ಸಿದ್ದಾಪುರದವರೇ, ಕಣ್ಣು ಕಾಣೋರಿದ್ದರೆ ಸರಿ. ಈ ಅಕ್ಕನ ಮನೆಯಲ್ಲಿ ಖಂಡಿತ ಬೇಡ. ನನ್ನ ಅಜ್ಜಿ ಹಾಗೆ ಕತ್ತರಿಸಿಟ್ಟ ತುಂಡನ್ನು ಕವರ್ ಸಮೇತ ಬಾಯಿಗೆ ಹಾಕಿಕೊಂಡಿದ್ದರು. ಅಂಗೈಲಿ ಮೂರು ಮಾತ್ರೆ ಇತ್ತು, ಎರಡು ಬಿಡಿಸಿದ್ದು, ಒಂದು ಹಾಗೇ. ಮೂಲೆ ಎಷ್ಟು ಚೂಪು ಇರುತ್ತೆ ಅಂತ ಬೆರಳಲ್ಲಿ ಮುಟ್ಟಿ ನೋಡಿ, ಅದು ಗಂಟಲಲ್ಲಿ, ಕರುಳಲ್ಲಿ ಚುಚ್ಚಿಕೊಂಡರೆ ಆಪರೇಷನ್ ತನಕ ಹೋಗುತ್ತೆ. ನಮ್ಮ ಅದೃಷ್ಟ, ನಾನು ಎದುರಿಗೇ ಇದ್ದೆ, ಬಾಯಿಂದ ತೆಗೆಸಿದೆ.

ಗೋಣಿಕೊಪ್ಪ ಮೆಡಿಕಲ್ಸ್ ಹುಡುಗ:

ಹಾರಂಗಿಯವರು ಹೇಳಿದ್ದೇ ಸರಿ. ಮಳೆಗಾಲದಲ್ಲಿ ಒಂದು ವಾರದ್ದು ತುಂಬಿಸಬೇಡಿ, ಎರಡು ಮೂರು ದಿನದ್ದು ಸಾಕು. ಗಾಳಿಯಾಡದ ಸ್ಟೀಲ್ ಡಬ್ಬಿಯೊಳಗೆ ಆ ಮಾತ್ರೆ ಡಬ್ಬಿ ಇಡಿ. ಒಲೆ ಹತ್ತಿರ, ಬಚ್ಚಲು ಹತ್ತಿರ, ಫ್ರಿಜ್ಜಿನ ತಲೆ ಮೇಲೆ ಬೇಡ. ಸ್ಟ್ರಿಪ್‌ನಿಂದ ಮೊದಲೇ ತೆಗೆಯಬಾರದ ಮಾತ್ರೆಗಳೂ ಇವೆ. ಫಿಟ್ಸಿಗೆ ಕೊಡೋ ಸೋಡಿಯಂ ವಾಲ್ಪ್ರೋಯೇಟ್, ರಕ್ತ ತೆಳು ಮಾಡೋ ಡಾಬಿಗಾಟ್ರಾನ್ ತೇವಕ್ಕೆ ಬೇಗ ಹಾಳಾಗುತ್ತೆ. ಅಂಥದ್ದಿದ್ದರೆ ಅಪ್ಪನೇ ಆ ಹೊತ್ತಿಗೆ ಬಿಡಿಸಿ ಅಂಗೈಗೆ ಹಾಕಲಿ.

ಮಡಿಕೇರಿ ನರ್ಸಮ್ಮ:

ಮಗಳೇ, ನಾನು ಕಣ್ಣಿನ ವಾರ್ಡಲ್ಲಿ ಕೆಲಸ ಮಾಡಿ ರಿಟೈರ್ ಆದವಳು. ಎಲ್ಲರೂ ಮಾತ್ರೆ ಬಗ್ಗೆ ಬರೆದಿದ್ದಾರೆ, ಅವ್ವನ ಕಣ್ಣಿನ ಡ್ರಾಪ್ಸ್ ಬಗ್ಗೆ ನಾನು ಬರೆಯುತ್ತೇನೆ. ಗ್ಲಾಕೋಮಾದಲ್ಲಿ ಹೋದ ನೋಟ ವಾಪಸ್ ಬರಲ್ಲ, ಉಳಿದಿರೋದನ್ನು ಉಳಿಸೋದು ಆ ಹನಿ. ಆದರೆ ಕೆನ್ನೆ ಮೇಲೆ ಹರಿದುಹೋದ ಹನಿಯನ್ನು ಲೆಕ್ಕಕ್ಕೆ ಹಿಡಿದು "ಹಾಕ್ಕೊಂಡೆ" ಅನ್ನುವವರೇ ಜಾಸ್ತಿ.

ಅವ್ವನನ್ನು ಮಂಚದ ಮೇಲೆ ಮಲಗಿಸಿ. ಸೀಸೆ ಹಿಡಿದ ಕೈಯ ಅಂಚು ಹಣೆ ಮೇಲೆ ಊರಲಿ, ಆಗ ನಡುಗಲ್ಲ. ಇನ್ನೊಂದು ಬೆರಳಿಂದ ಕೆಳಗಿನ ರೆಪ್ಪೆ ಎಳೆದರೆ ಒಂದು ಪುಟ್ಟ ಜೇಬು ಆಗುತ್ತೆ, ಅಲ್ಲಿಗೆ ಒಂದೇ ಹನಿ. ಸೀಸೆ ತುದಿ ರೆಪ್ಪೆಗೆ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಲ್ಲಿ ಮೆಲ್ಲಗೆ ಎರಡು ನಿಮಿಷ ಒತ್ತಬೇಕು, ಇಲ್ಲದಿದ್ದರೆ ಮದ್ದು ಮೂಗಿಗಿಳಿದು ಮೈಗೆಲ್ಲಾ ಸೇರುತ್ತೆ. ಎರಡನೇ ಡ್ರಾಪ್ಸ್ ಇದ್ದರೆ ಐದು ನಿಮಿಷ ಬಿಟ್ಟು. ಹನಿ ಬಿತ್ತೋ ಇಲ್ವೋ ಕಾಣದವರಿಗೆ ಒಂದು ಉಪಾಯ: ಸೀಸೆಯನ್ನು ಸ್ವಲ್ಪ ಹೊತ್ತು ಫ್ರಿಜ್ಜಲ್ಲಿಡಿ (ಫ್ರೀಜರಲ್ಲಿ ಅಲ್ಲ, ಫ್ರಿಜ್ ಬೇಡ ಅಂತ ಬರೆದಿದ್ದರೆ ಅಲ್ಲೂ ಬೇಡ). ತಣ್ಣಗಿನ ಹನಿ ಕಣ್ಣಿಗೆ ಬಿದ್ದರೆ ತಕ್ಷಣ ಗೊತ್ತಾಗುತ್ತೆ.

ಟಿಮೋಲಾಲ್ ಇರೋ ಡ್ರಾಪ್ಸ್ ಆಗಿದ್ದು, ಅವ್ವನಿಗೆ ಮಳೆಗಾಲದಲ್ಲಿ ಉಬ್ಬಸ ಬರುತ್ತೆ ಅಂತಿದ್ದರೆ ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು. ಕಣ್ಣಿಗೆ ಹಾಕಿದ್ದು ಉಸಿರನ್ನೂ ಕಟ್ಟಿಸುತ್ತೆ, ನಾಡಿಯನ್ನೂ ನಿಧಾನ ಮಾಡುತ್ತೆ. ಸೀಸೆ ತೆರೆದ ದಿನ ಅಪ್ಪನ ಕೈಲಿ ತಾರೀಕು ಬರೆಸಿ. ಹೆಚ್ಚಿನವನ್ನು ನಾಲ್ಕು ವಾರಕ್ಕೆ ಎಸೆಯಬೇಕು, ಒಳಗೆ ಉಳಿದಿದ್ದರೂ.

ಕೊನೆಗೆ ನನಗೆ ಭಯ ಇರೋ ವಿಷಯ. ನಿಮ್ಮ ಮನೆಯಲ್ಲಿ ಒಬ್ಬರಿಗೆ ಕಣ್ಣು, ಒಬ್ಬರಿಗೆ ಕಿವಿ. ಕಿವಿ ಡ್ರಾಪ್ಸ್ ಏನಾದರೂ ಇದೆಯಾ? ಎರಡು ಸೀಸೆಯೂ ಒಂದೇ ಥರ ಇರುತ್ತೆ. ಕಿವಿಗೆ ಹಾಕೋದು ಕಣ್ಣಿಗೆ ಬಿದ್ದರೆ ಉರಿದುಹೋಗುತ್ತೆ. ಬೇರೆ ಕೋಣೆಯಲ್ಲೇ ಇಡಿ, ಕಣ್ಣಿನದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ. ತಪ್ಪಿ ಬಿದ್ದರೆ ಆಗಲೇ ಸ್ವಚ್ಛ ನೀರಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಿ.

ಕಿತ್ತಳೆ ಮರ:

ಅಪ್ಪನ ಕಿವಿ ಬಗ್ಗೆ. ನೀವು ಮೈಸೂರಲ್ಲೇ ಇದ್ದೀರಿ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಕರೆದುಕೊಂಡು ಹೋಗಿ. ಬರೀ ಗುಗ್ಗೆ ತುಂಬಿದ್ದರೂ ತುಂಬಿರಬಹುದು, ಮೊದಲು ಅದನ್ನು ನೋಡಿಸಿ. ವಯಸ್ಸಾದಾಗ ಕೀರಲು ಸದ್ದು ಮೊದಲು ಹೋಗುತ್ತೆ, ಅದಕ್ಕೇ ಅಲಾರಂ ಟೀಂ ಟೀಂ ಕೇಳಲ್ಲ. ನಮ್ಮ ಮಾವನಿಗೆ ಅದುರೋ ವಾಚ್ ಕಟ್ಟಿದ್ದೇವೆ, ಮಾತ್ರೆ ಹೊತ್ತಿಗೆ ಮಣಿಕಟ್ಟು ಜುಂ ಅನ್ನುತ್ತೆ. ಮಾತಾಡುವಾಗ ಕಿರುಚಬೇಡಿ, ಕಿರುಚಿದರೆ ಶಬ್ದ ಒಡೆದು ಇನ್ನೂ ಅರ್ಥ ಆಗಲ್ಲ. ಬೆಳಕಿರೋ ಕಡೆ ಎದುರಿಗೆ ಕೂತು ನಿಧಾನಕ್ಕೆ ಹೇಳಿ, ಆಮೇಲೆ "ಈಗ ನೀವು ಹೇಳಿ ಅಪ್ಪಾ, ಎಷ್ಟು ಮಾತ್ರೆ?" ಅಂತ ವಾಪಸ್ ಕೇಳಿ. "ಹೂಂ" ಅನ್ನೋದನ್ನು ಉತ್ತರ ಅಂತ ತಗೋಬೇಡಿ.

ನಾಪೋಕ್ಲು ಮಗಳು:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಹತ್ತು ದಿನ ಊರಲ್ಲೇ ಇದ್ದು ಬಂದೆ. ನರ್ಸಮ್ಮ, ಕಿವಿ ಡ್ರಾಪ್ಸ್ ಇತ್ತು, ಅದೇ ಬಿಸ್ಕೆಟ್ ಡಬ್ಬಿಯಲ್ಲಿ, ಅವ್ವನ ಸೀಸೆ ಪಕ್ಕದಲ್ಲೇ. ನೋಡಿ ಕೈ ತಣ್ಣಗಾಯಿತು. ಈಗ ಅಪ್ಪನ ಕೋಣೆಯಲ್ಲಿದೆ.

ಡಬ್ಬಿ ಬಿಟ್ಟು ಅವ್ವನೇ ಒಂದು ಉಪಾಯ ಮಾಡಿದರು. ಮೂರು ಬಟ್ಟೆ ಚೀಲ ಹೊಲಿದರು, ಸೂಜಿಗೆ ದಾರ ಮಾತ್ರ ನಾನು ಪೋಣಿಸಿಕೊಟ್ಟೆ. ಬೆಳಗಿನದಕ್ಕೆ ಒಂದು ಗುಂಡಿ, ಮಧ್ಯಾಹ್ನದ್ದಕ್ಕೆ ಎರಡು, ರಾತ್ರಿದಕ್ಕೆ ಮೂರು. ಸ್ಟ್ರಿಪ್‌ಗಳು ಇಡಿಯಾಗೇ ಅದರೊಳಗೆ, ಚೀಲಗಳು ಸ್ಟೀಲ್ ಡಬ್ಬಿಯೊಳಗೆ. ಅವ್ವ ಗುಂಡಿ ಮುಟ್ಟಿ ಚೀಲ ಕೊಡುತ್ತಾರೆ, ಅಪ್ಪ ಸ್ಟ್ರಿಪ್ ಮೇಲಿನ ಹೆಸರು, ಪವರು ಜೋರಾಗಿ ಓದುತ್ತಾರೆ, ಅವ್ವ ಸರಿ ಅಂತ ಅವರ ತೋಳು ತಟ್ಟಿದರೆ ಮಾತ್ರ ಅಪ್ಪ ಮಾತ್ರೆ ಬಿಡಿಸೋದು. ಅದನ್ನೂ ಕರೀ ತಟ್ಟೆಗೆ ಹಾಕುತ್ತಾರೆ, ಬಿಳಿ ಮಾತ್ರೆ ಅವ್ವನಿಗೂ ಅಷ್ಟಿಷ್ಟು ಕಾಣುತ್ತೆ. ಸಂಜೆ ಹನಿ ಹಾಕೋದನ್ನು ನೆಲ್ಲಕ್ಕಿ (ನಡುಮನೆ) ದೀಪಕ್ಕೆ ಜೋಡಿಸಿದ್ದೇವೆ. ದೀಪ ಹಚ್ಚೋದನ್ನು ಅವ್ವ ಒಂದು ದಿನವೂ ಮರೆತವರಲ್ಲ, ಕರೆಂಟ್ ಮೂರು ದಿನ ಇಲ್ಲದಿದ್ದರೂ ಅದು ನಡೆಯುತ್ತೆ. ಕರೆಯೋಕೆ ಅಂತ ಅವ್ವನ ಸೊಂಟಕ್ಕೆ ಒಂದು ಪುಟ್ಟ ಬೆಲ್ ಸ್ವಿಚ್ ಕಟ್ಟಿ, ಅಪ್ಪನ ಜಗಲಿಯಲ್ಲಿ ಅದು ಒತ್ತಿದರೆ ಮಿನುಗೋ ಲೈಟ್ ಹಾಕಿಸಿದೆ, ಬ್ಯಾಟರಿದು. ಅಪ್ಪನ ಕಿವಿಗೆ ಮುಂದಿನ ವಾರ ಮೈಸೂರು.

ಒಂದು ಕೇಳೋದಿದೆ. ಅಪ್ಪ ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಎದ್ದ ಕೂಡಲೇ ಬೆಲ್ಲದ ಕಾಫಿಯಲ್ಲೇ ನುಂಗುತ್ತಾರೆ, ಮೊದಲಿಂದಲೂ. ತೊಂದರೆ ಇಲ್ಲ ಅಲ್ವಾ?

ಗೋಣಿಕೊಪ್ಪ ಮೆಡಿಕಲ್ಸ್ ಹುಡುಗ:

ಇದೆ ಅಕ್ಕಾ. ಕಾಫಿ ಜೊತೆ ಹೋದರೆ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲ. ಖಾಲಿ ಹೊಟ್ಟೆಗೆ ಬರೀ ನೀರಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ. ಆದರೆ ಬದಲಾಯಿಸೋ ಮೊದಲು ಡಾಕ್ಟರಿಗೆ ಹೇಳಿ. ಇಷ್ಟು ವರ್ಷದ ಡೋಸ್ ಕಾಫಿ ಜೊತೆ ಲೆಕ್ಕ ಆಗಿರುತ್ತೆ, ನೀರಲ್ಲಿ ಶುರು ಮಾಡಿದರೆ ಅದೇ ಡೋಸ್ ಜಾಸ್ತಿ ಆಗಬಹುದು. ಬದಲಾಯಿಸಿ ಆರರಿಂದ ಎಂಟು ವಾರ ಆದ ಮೇಲೆ ಒಂದು ಸಲ ಟಿಎಸ್‌ಎಚ್ (ಥೈರಾಯ್ಡ್ ರಕ್ತ ಪರೀಕ್ಷೆ) ಮಾಡಿಸಿ. ಹಾಳೆಯಲ್ಲಿ ಬರೆಯೋವಾಗ "ಕಾಫಿಗೆ ಮೊದಲು" ಅನ್ನೋದನ್ನು ಎಲ್ಲಕ್ಕಿಂತ ಮೇಲೆ, ದಪ್ಪಗೆ ಬರೆಯಿರಿ.