ಫ್ಯಾಟಿ ಲಿವರ್‌ನಲ್ಲಿ ಸೆಲ್‌ಗಳು ತಾವಾಗೇ ಸಾಯೋದಾದ್ರೆ ಮಾತ್ರೆ ಕೊಟ್ಟು ಅದನ್ನ ನಿಲ್ಲಿಸೋಕಾಗಲ್ವಾ?

ಹೇಮಾವತಿ_ದಡ: ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ 54 ವರ್ಷ, ಕುಡಿಯೋ ಅಭ್ಯಾಸನೇ ಇಲ್ಲ, ಕಿಡ್ನಿ ಸ್ಟೋನ್ ಇರ್ಬೋದು ಅಂತ ಸ್ಕ್ಯಾನಿಂಗ್ ಮಾಡಿಸಿದ್ರೆ ಗ್ರೇಡ್ 2 ಫ್ಯಾಟಿ ಲಿವರ್ ಅಂತ ಬಂದಿದೆ, ರಕ್ತದಲ್ಲಿ ನೋಡೋ ಲಿವರ್ ಎಂಜೈಮ್ ಎಸ್‌ಜಿಪಿಟಿ 88. ಡಾಕ್ಟ್ರು ಲಿವರ್ ಸೆಲ್‌ಗಳು ಸಾಯ್ತಾ ಇವೆ, ತೂಕ ಇಳಿಸಿ ಅಂದ್ರು, ಅಷ್ಟೇ. ರಾತ್ರಿಯೆಲ್ಲಾ ಕೂತು ಓದಿದೆ, ಅಪೊಪ್ಟೋಸಿಸ್ ಅಂತೆ, ಸೆಲ್ ಒಳಗೇ ಸಾಯೋಕೆ ಒಂದು ವ್ಯವಸ್ಥೆ ಇರುತ್ತಂತೆ, ಕ್ಯಾಸ್ಪೇಸ್ ಅನ್ನೋ ಎಂಜೈಮ್‌ಗಳು ಅದನ್ನ ಕತ್ತರಿಸಿ ಹಾಕ್ತವಂತೆ. ಹಾಗಿದ್ರೆ ಆ ಕ್ಯಾಸ್ಪೇಸ್‌ನ ತಡೆಯೋ ಮಾತ್ರೆ ಕೊಟ್ರೆ ಆಯ್ತಲ್ವಾ? ಯಾಕೆ ಯಾರೂ ಕೊಡಲ್ಲ?

ಸ್ಲೈಡ್_ನೋಡೋಳು: ನಾನು ಪೆಥಾಲಜಿ ಕಡೆಯವಳು. ಅಪೊಪ್ಟೋಸಿಸ್ ಅನ್ನೋ ಪದಕ್ಕೆ ಗ್ರೀಕ್‌ನಲ್ಲಿ ಎಲೆ ಉದುರೋದು ಅಂತ ಅರ್ಥ, 1972ರಲ್ಲಿ ಕೆರ್, ವೈಲೀ, ಕರೀ ಅನ್ನೋರು ಇಟ್ಟ ಹೆಸರು, ಅದ್ರಲ್ಲಿ ಕೆರ್ ಇದನ್ನ ಮೊದಲು ಗಮನಿಸಿದ್ದೇ ಇಲಿಯ ಲಿವರ್‌ನಲ್ಲಿ. ಚೆನ್ನಾಗಿರೋ ಲಿವರ್‌ನಲ್ಲೂ ಅಲ್ಲೊಂದು ಇಲ್ಲೊಂದು ಸೆಲ್ ಹೀಗೆ ಉದುರ್ತಾನೇ ಇರುತ್ತೆ, ಪಕ್ಕದ ಸೆಲ್‌ಗಳು ಗುಡಿಸಿ ಹಾಕ್ತವೆ, ಸದ್ದೇ ಆಗಲ್ಲ.

ಕೊಬ್ಬು ಬಂದ ತಕ್ಷಣ ಸೆಲ್ ಸಾಯುತ್ತೆ ಅಂತಲೂ ಅಲ್ಲ. ಟ್ರೈಗ್ಲಿಸರೈಡ್ ಆಗಿ ಹನಿಹನಿಯಾಗಿ ಕೂತಿರೋ ಕೊಬ್ಬು ಒಂಥರಾ ಡಬ್ಬಿಗೆ ಹಾಕಿ ಮುಚ್ಚಿಟ್ಟ ಹಾಗೆ, ಅಷ್ಟು ತೊಂದ್ರೆ ಕೊಡಲ್ಲ. ಡಬ್ಬಿಗೆ ಹೋಗದೆ ಉಳಿಯೋ ಪಾಮಿಟಿಕ್ ಆಸಿಡ್ ಥರದ ಕೊಬ್ಬಿನಾಮ್ಲ ಇದೆಯಲ್ಲ, ಅದೇ ಸೆಲ್‌ಗೆ ವಿಷ, ಒಳಗೆ ಪ್ರೋಟೀನ್ ತಯಾರಾಗೋ ಜಾಗನೇ ಕೆಡುತ್ತೆ, ಆಮೇಲೆ ಸೆಲ್‌ಗೆ ಶಕ್ತಿ ಕೊಡೋ ಮೈಟೋಕಾಂಡ್ರಿಯಾಗೆ ಏಟು ಬಿದ್ದು ಕ್ಯಾಸ್ಪೇಸ್‌ಗಳು ಶುರುವಾಗ್ತವೆ. ದಿನಾ ಇಷ್ಟಿಷ್ಟು ಸೆಲ್ ಸತ್ರೆ ಗುಡಿಸೋರಿಗೆ ಸಾಕಾಗಲ್ಲ, ಆ ಚೂರುಗಳನ್ನ ಲಿವರ್‌ನಲ್ಲೇ ಇರೋ ಸ್ಟೆಲೇಟ್ ಅನ್ನೋ ಬೇರೆ ಥರದ ಸೆಲ್‌ಗಳೂ ನುಂಗ್ತವೆ, ನುಂಗಿ ಎಚ್ಚೆತ್ಕೊಂಡು ಕೊಲಾಜೆನ್ ಅನ್ನೋ ನಾರು ಸುರೀತವೆ, ಲಿವರ್ ಗಟ್ಟಿಯಾಗೋದು, ಅಂದ್ರೆ ಫೈಬ್ರೋಸಿಸ್ ಆಗೋದು ಹೀಗೆ. ನಂಗೆ ಭಯ ಆಗೋದು ಕೊಬ್ಬು ನೋಡಿ ಅಲ್ಲ, ಇದನ್ನ ನೋಡಿ.

ಇರುಳು_ಲ್ಯಾಬ್: ನಿಮ್ಮ ಪ್ರಶ್ನೆ ತುಂಬಾ ಸರಿಯಾಗಿದೆ, ನೀವು ಹೇಳಿದ್ದನ್ನ ನಿಜವಾಗ್ಲೂ ಮಾಡಿ ನೋಡಿದಾರೆ. ಎಮ್ರಿಕಾಸಾನ್ ಅಂತ ಮಾತ್ರೆ, ಎಲ್ಲಾ ಕ್ಯಾಸ್ಪೇಸ್‌ನೂ ತಡೆಯೋದು, ಫ್ಯಾಟಿ ಲಿವರ್ ಮುಂದುವರಿದು ಫೈಬ್ರೋಸಿಸ್ ಆಗಿದ್ದ 318 ಜನರಲ್ಲಿ ಕೆಲವರಿಗೆ ಇದನ್ನ, ಕೆಲವರಿಗೆ ಬರೀ ಖಾಲಿ ಮಾತ್ರೆ ಅಂತ 72 ವಾರ ಕೊಟ್ರು, 2020ರಲ್ಲಿ ಫಲಿತಾಂಶ ಪ್ರಕಟ ಆಯ್ತು. ಶುರುವಲ್ಲಿ ಎಸ್‌ಜಿಪಿಟಿ ಇಳೀತು, ಕ್ಯಾಸ್ಪೇಸ್ ಚಟುವಟಿಕೆನೂ ಇಳೀತು, ಆದ್ರೆ ಬಯಾಪ್ಸಿಲಿ ಲಿವರ್ ಸುಧಾರಿಸಿರಲಿಲ್ಲ, ಫೈಬ್ರೋಸಿಸ್ ಜಾಸ್ತಿನೇ ಆಗಿರೋ ಹಾಗೆ ಕಾಣ್ತು. ಸಾಯೋ ಒಂದು ದಾರಿ ಮುಚ್ಚಿದ್ರೆ ಸೆಲ್ ಇನ್ನೊಂದು ದಾರಿ ಹಿಡಿದಿರ್ಬೋದು ಅನ್ನೋದು ಅವರ ವಿವರಣೆ. ನೆಕ್ರೊಪ್ಟೋಸಿಸ್, ಪೈರೊಪ್ಟೋಸಿಸ್ ಅಂತೆಲ್ಲ ಇವೆ, ಅವುಗಳಲ್ಲಿ ಸೆಲ್ ಒಡೆದು ಒಳಗಿರೋದೆಲ್ಲ ಹೊರಗೆ ಚೆಲ್ಲುತ್ತೆ, ಉರಿಯೂತ ಇನ್ನೂ ಜೋರು.

ಅದಕ್ಕೇ ಸೆಲ್ ಯಾಕೆ ಸಾಯೋ ಸ್ಥಿತಿಗೆ ಬಂತೋ ಆ ಭಾರನೇ ಇಳಿಸ್ಬೇಕು. ತೂಕದಲ್ಲಿ ಶೇ 7 ಇಳಿದ್ರೆ ಉರಿಯೂತ ಕಮ್ಮಿ ಆಗುತ್ತೆ, ಶೇ 10 ಇಳಿದ್ರೆ ಫೈಬ್ರೋಸಿಸ್‌ ಕೂಡ ಹಿಂದೆ ಸರಿಯೋ ಸಾಧ್ಯತೆ ಇದೆ. ಇನ್ನೊಂದು, ಎಣ್ಣೆ ತುಪ್ಪ ಬಿಟ್ಟು ತಟ್ಟೆ ತುಂಬ ಅನ್ನ, ದಿನಕ್ಕೆ ನಾಲ್ಕು ಸಲ ಸಕ್ಕರೆ ಕಾಫಿ ಅಂದ್ರೆ ಪ್ರಯೋಜನ ಇಲ್ಲ, ಹೆಚ್ಚಾದ ಸಕ್ಕರೆಯಿಂದ ಲಿವರ್ ತಾನೇ ಪಾಮಿಟಿಕ್ ಆಸಿಡ್ ಮಾಡ್ಕೊಳುತ್ತೆ.

ಹೇಮಾವತಿ_ದಡ: ಅಯ್ಯೋ ಅಪ್ಪ ಮಾಡ್ತಿರೋದು ಅದನ್ನೇ! ಹಾಗಾದ್ರೆ ಎಸ್‌ಜಿಪಿಟಿ ಇಳಿದ್ರೆ ಮಾತ್ರಕ್ಕೆ ಸಮಾಧಾನ ಪಡೋ ಹಾಗಿಲ್ವಾ?

ಸ್ಲೈಡ್_ನೋಡೋಳು: ಇಲ್ಲ, ಎಸ್‌ಜಿಪಿಟಿ ನಾರ್ಮಲ್ ಇದ್ದೂ ಫೈಬ್ರೋಸಿಸ್ ಇರೋರು ಇದಾರೆ. ಪ್ಲೇಟ್‌ಲೆಟ್ ಮತ್ತೆ ಇನ್ನೊಂದು ಎಂಜೈಮ್ ಎಸ್‌ಜಿಒಟಿ ಎಷ್ಟಿದೆ ಹೇಳಿ.

ಹೇಮಾವತಿ_ದಡ: ಪ್ಲೇಟ್‌ಲೆಟ್ 2.1 ಲಕ್ಷ, ಎಸ್‌ಜಿಒಟಿ 61.

ಸ್ಲೈಡ್_ನೋಡೋಳು: ವಯಸ್ಸು ಸೇರಿಸಿ ಲೆಕ್ಕ ಹಾಕಿದ್ರೆ ಫಿಬ್-4, ಅಂದ್ರೆ ಫೈಬ್ರೋಸಿಸ್ ಎಷ್ಟಿರ್ಬೋದು ಅಂತ ಅಂದಾಜು ಮಾಡೋ ಅಂಕ, ಸುಮಾರು 1.67 ಬರುತ್ತೆ. 1.3ರ ಒಳಗಿದ್ರೆ ಅಷ್ಟು ಚಿಂತೆ ಇಲ್ಲ, 2.67 ದಾಟಿದ್ರೆ ಗಂಭೀರ, ಅಪ್ಪ ಮಧ್ಯದಲ್ಲಿದಾರೆ. ಗಾಬರಿ ಬೇಡ, ಆದ್ರೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಫೈಬ್ರೋಸ್ಕ್ಯಾನ್ ಬೇಕಾ ಅಂತ ಡಾಕ್ಟ್ರನ್ನ ಈ ವಾರನೇ ಕೇಳಿ, ಶುಗರ್ ಟೆಸ್ಟೂ ಮಾಡಿಸಿ.