ಅಮೆರಿಕದಿಂದ ಬ್ರಿಟನ್‌ಗೆ ಹನ್ನೊಂದು ದಿನ: ಹೋಗಿ ಬಂದವರು, ಅಲ್ಲಿಯೇ ಇರುವವರು ಹೇಳಿದ್ದು

ಡಲ್ಲಾಸ್ ಸಮೀಪದಿಂದ, ಪ್ರಶ್ನೆ

ಜೂನ್ ತಿಂಗಳಲ್ಲಿ ಹನ್ನೊಂದು ದಿನ ಬ್ರಿಟನ್ ನೋಡಬೇಕೆಂದಿದ್ದೇವೆ. ನಾನು, ನನ್ನ ಪತಿ, ಎಂಟು ಮತ್ತು ಹದಿಮೂರು ವರ್ಷದ ಇಬ್ಬರು ಮಕ್ಕಳು. ನಾಲ್ವರದ್ದೂ ಅಮೆರಿಕದ ಪಾಸ್‌ಪೋರ್ಟ್. ಹಾಸನದಲ್ಲಿರುವ ಅತ್ತೆ ಮಾವನವರನ್ನು ಮೊದಲು ಡಲ್ಲಾಸ್‌ಗೆ ಕರೆಸಿಕೊಂಡು ಜೊತೆಯಲ್ಲಿ ಕರೆದೊಯ್ಯುವ ಆಸೆ. ಅತ್ತೆಯವರಿಗೆ ಮಂಡಿನೋವು. ಎಲ್ಲರೂ ಸಸ್ಯಾಹಾರಿಗಳು. ಲಂಡನ್, ಸ್ಟೋನ್‌ಹೆಂಜ್, ಬಾತ್, ಲೇಕ್ ಡಿಸ್ಟ್ರಿಕ್ಟ್, ಎಡಿನ್‌ಬರೊ, ಸ್ಕೈ ದ್ವೀಪ ಎಂದು ಪಟ್ಟಿ ಮಾಡಿಟ್ಟಿದ್ದೇವೆ. ಹೀಥ್ರೋ ನಿಲ್ದಾಣದಲ್ಲಿಯೇ ಕಾರು ಬಾಡಿಗೆಗೆ ಪಡೆದು ಸುತ್ತುವ ಯೋಚನೆ. ಟೆಕ್ಸಾಸ್‌ಗಿಂತ ಚಿಕ್ಕ ದೇಶವಲ್ಲವೇ, ಆಗಬಹುದು ಅನಿಸುತ್ತದೆ. ತಿಳಿದವರು ದಯವಿಟ್ಟು ಹೇಳಿ.

ಲಂಡನ್‌ನ ಹ್ಯಾರೋದಿಂದ

ನಾನು ಏಳು ವರ್ಷ ಶಿಕಾಗೋದಲ್ಲಿದ್ದು ಈಗ ಹದಿನಾರು ವರ್ಷಗಳಿಂದ ಇಲ್ಲಿದ್ದೇನೆ. ಪ್ರತಿ ಬೇಸಿಗೆಯಲ್ಲೂ ಅಮೆರಿಕದಿಂದ ಯಾರಾದರೂ ನೆಂಟರು ಬರುತ್ತಾರೆ, ಅವರು ಎಡವುವ ಜಾಗಗಳು ನನಗೆ ಚೆನ್ನಾಗಿ ಗೊತ್ತು.

ಮೊದಲು ಕಾಗದಪತ್ರ. ಇದೊಂದು ತಪ್ಪಿದರೆ ಉಳಿದ ಯಾವ ಸಲಹೆಯೂ ಕೆಲಸಕ್ಕೆ ಬಾರದು. ನಿಮ್ಮ ನಾಲ್ವರಿಗೆ ವೀಸಾ ಬೇಡ. ಆದರೆ 2025ರ ಜನವರಿ 8ರಿಂದ ಅಮೆರಿಕದ ಪಾಸ್‌ಪೋರ್ಟ್ ಇರುವವರೂ ಹೊರಡುವ ಮೊದಲೇ ಇಟಿಎ ಎಂಬ ಅನುಮತಿಯನ್ನು ಆನ್‌ಲೈನ್‌ನಲ್ಲಿ ಪಡೆದಿರಬೇಕು. ಮಕ್ಕಳಿಗೂ ಒಂದೊಂದು ಅರ್ಜಿ. ಎರಡು ವರ್ಷ ಅಥವಾ ಪಾಸ್‌ಪೋರ್ಟ್ ಅವಧಿ ಮುಗಿಯುವ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ಅದು ನಡೆಯುತ್ತದೆ. 2025ರ ಏಪ್ರಿಲ್‌ನಲ್ಲಿ ಶುಲ್ಕವನ್ನು 10 ಪೌಂಡ್‌ನಿಂದ 16ಕ್ಕೆ ಏರಿಸಿದರು. ಮತ್ತೆ ಬದಲಾಗುವಂಥದ್ದೇ, ಆದ್ದರಿಂದ ಅರ್ಜಿ ಹಾಕುವ ದಿನ ಬ್ರಿಟನ್ ಸರ್ಕಾರದ ತಾಣದಲ್ಲಿಯೇ ನೋಡಿ. ಹುಡುಕಿದಾಗ ಮೇಲೆ ಬರುವ ಮಧ್ಯವರ್ತಿಗಳ ತಾಣಗಳು ಇದೇ ಕೆಲಸಕ್ಕೆ ಹಲವು ಪಟ್ಟು ಹಣ ಕೇಳುತ್ತವೆ. ಅವುಗಳ ಬಾಗಿಲಿಗೆ ಹೋಗಬೇಡಿ.

ನಿಮ್ಮ ಅತ್ತೆ ಮಾವನವರ ವಿಷಯ ಬೇರೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇಟಿಎ ಇಲ್ಲವೇ ಇಲ್ಲ, ಸಂದರ್ಶಕರ ವೀಸಾ ಬೇಕೇ ಬೇಕು. ಅಮೆರಿಕದ ವೀಸಾ ಇದೆ, ಗ್ರೀನ್ ಕಾರ್ಡ್ ಇದೆ ಎಂಬುದು ಇಲ್ಲಿ ಸುತ್ತಾಡಲು ಅನುಮತಿಯಾಗುವುದಿಲ್ಲ. ಇದನ್ನು ತಿಳಿಯದೆ ಆರು ಟಿಕೆಟ್ ಕೊಂಡು, ಹಿರಿಯರಿಬ್ಬರನ್ನು ಮನೆಯಲ್ಲಿ ಬಿಟ್ಟು ಬಂದ ಕುಟುಂಬವೊಂದನ್ನು ಕಂಡಿದ್ದೇನೆ. ಇಡೀ ಪ್ರವಾಸ ಅವರ ಮುಖದಲ್ಲಿ ಆ ಬೇಸರ ಇಳಿಯಲಿಲ್ಲ. ಬೆರಳಚ್ಚು ಕೊಡುವ ಕೇಂದ್ರ ಬೆಂಗಳೂರಿನಲ್ಲಿಯೇ ಇದೆ. ಅವರು ಊರಿನಲ್ಲಿರುವಾಗಲೇ, ಟಿಕೆಟ್ ಕೊಳ್ಳುವ ಮೊದಲೇ ಅರ್ಜಿ ಹಾಕಲಿ. ಇನ್ನೊಂದು ಮಾತು, ಮನಸ್ಸಿಗೆ ಬಂದರೆ ತೆಗೆದುಕೊಳ್ಳಿ: ಬೆಂಗಳೂರಿನಿಂದ ಹೀಥ್ರೋಗೆ ನೇರ ವಿಮಾನಗಳಿವೆ. ಮಂಡಿನೋವಿನ ಹಿರಿಯರನ್ನು ಡಲ್ಲಾಸ್‌ವರೆಗೆ ಹಾರಿಸಿ ಮತ್ತೆ ಹಿಂದಕ್ಕೆ ಕರೆತರುವ ಬದಲು ಲಂಡನ್‌ನಲ್ಲಿಯೇ ಎಲ್ಲರೂ ಸೇರಬಾರದೇಕೆ? ಟಿಕೆಟ್ ಜೊತೆಗೆ ವೀಲ್‌ಚೇರ್ ನೆರವನ್ನೂ ಕೇಳಿಡಿ.

ಈಗ ನಿಮ್ಮ ಪಟ್ಟಿ. ದೇಶ ಚಿಕ್ಕದು, ನಿಜ. ಆದರೆ ಇಲ್ಲಿನ ಮೈಲಿ ಟೆಕ್ಸಾಸ್‌ನ ಮೈಲಿಯಲ್ಲ. ಲಂಡನ್‌ನಿಂದ ಎಡಿನ್‌ಬರೊ ಸುಮಾರು 400 ಮೈಲಿ, ಕಾರಿನಲ್ಲಿ ಊಟ ತಿಂಡಿ ಎಲ್ಲ ಸೇರಿ ಇಡೀ ಹಗಲು ಬೇಕು. ಅಲ್ಲಿಂದ ಸ್ಕೈಗೆ ಮತ್ತೆ ಐದಾರು ಗಂಟೆ. ಆರು ಊರುಗಳನ್ನು ಹನ್ನೊಂದು ದಿನಕ್ಕೆ ತುಂಬಿದರೆ ನೀವು ನೋಡುವುದು ಹೆದ್ದಾರಿಯ ಬದಿಯ ವಿಶ್ರಾಂತಿ ತಾಣಗಳನ್ನು. ಲಂಡನ್‌ಗೆ ಐದು ದಿನ, ಬಾತ್ ಮತ್ತು ಸ್ಟೋನ್‌ಹೆಂಜ್‌ಗೆ ಎರಡು, ಎಡಿನ್‌ಬರೊಗೆ ನಾಲ್ಕು. ಲೇಕ್ ಡಿಸ್ಟ್ರಿಕ್ಟ್ ಮತ್ತು ಸ್ಕೈ ಎರಡನ್ನೂ ಈ ಬಾರಿ ಕೈಬಿಡಿ. ನಿಮಗೆ ಕಷ್ಟವಾಗುತ್ತದೆಂದು ಗೊತ್ತು, ಆದರೂ ಹೇಳುತ್ತಿದ್ದೇನೆ.

ಹೀಥ್ರೋದಲ್ಲಿ ಕಾರು ಖಂಡಿತ ಬೇಡ. ರಾತ್ರಿಯಿಡೀ ನಿದ್ದೆಗೆಟ್ಟು ಇಳಿದ ಮನುಷ್ಯ ಬಲಗಡೆ ಕುಳಿತು, ರಸ್ತೆಯ ಎಡಗಡೆ, ಒಂದರ ಹಿಂದೆ ಒಂದು ಬರುವ ವೃತ್ತಗಳಲ್ಲಿ ಓಡಿಸಬೇಕಾಗುತ್ತದೆ. ಕರ್ನಾಟಕದಲ್ಲಿ ಎಡಗಡೆಯೇ ಓಡಿಸಿದ್ದೇನೆ ಎಂಬ ಧೈರ್ಯವನ್ನು ನಂಬಬೇಡಿ, ಕೈ ಆ ಅಭ್ಯಾಸವನ್ನು ಮರೆತಿರುತ್ತದೆ. ಲಂಡನ್‌ನ ನಡುಭಾಗಕ್ಕೆ ವಾಹನ ತಂದರೆ ವಾಹನ ದಟ್ಟಣೆ ಶುಲ್ಕ ಬೇರೆ, ನಿಲ್ಲಿಸಲು ಜಾಗದ ಪಾಡು ಬೇರೆ. ನಡೆಯುವಾಗಲೂ ಎಚ್ಚರ: ರಸ್ತೆ ದಾಟುವಾಗ ಬಲಕ್ಕೆ ನೋಡಿ ಎಂದು ನೆಲದ ಮೇಲೆ ಬರೆದಿರುತ್ತಾರೆ. ಮಕ್ಕಳು ಹುಟ್ಟಿನಿಂದ ಎಡಕ್ಕೆ ನೋಡಿ ಬೆಳೆದವರು, ಮೊದಲ ಎರಡು ದಿನ ಕೈ ಹಿಡಿದೇ ದಾಟಿಸಿ.

ನಗರದೊಳಗೆ ಬಸ್ ಮತ್ತು ಮೆಟ್ರೋಗೆ ಟಿಕೆಟ್ ಕೊಳ್ಳಬೇಕಿಲ್ಲ, ಬ್ಯಾಂಕ್ ಕಾರ್ಡ್ ಅಥವಾ ಫೋನ್ ಮುಟ್ಟಿಸಿದರೆ ಸಾಕು. ದಿನಕ್ಕೆ ಇಷ್ಟೇ ಎಂಬ ಮಿತಿಯಿದೆ, ಅದನ್ನು ದಾಟಿ ಹಣ ಕಡಿತವಾಗುವುದಿಲ್ಲ. ಆದರೆ ಒಬ್ಬರಿಗೆ ಒಂದು ಕಾರ್ಡ್, ದಿನವಿಡೀ ಅದೇ ಕಾರ್ಡ್. ಬೆಳಿಗ್ಗೆ ಕಾರ್ಡ್, ಸಂಜೆ ಅದರದ್ದೇ ಫೋನ್ ರೂಪ ಮುಟ್ಟಿಸಿದರೆ ಎರಡು ಬೇರೆ ಲೆಕ್ಕಗಳಾಗುತ್ತವೆ. 11 ವರ್ಷದೊಳಗಿನ ನಿಮ್ಮ ಕಿರಿಯ ಮಗುವಿಗೆ ನಿಮ್ಮ ಜೊತೆ ಉಚಿತ. ಹದಿಮೂರು ವರ್ಷದ ಮಗುವಿಗೆ ಆಯ್ಸ್ಟರ್ ಎಂಬ, ಹಣ ತುಂಬಿಸಿ ಬಳಸುವ ಪ್ರಯಾಣದ ಕಾರ್ಡ್ ಕೊಂಡು, ನಿಲ್ದಾಣದ ಸಿಬ್ಬಂದಿಯ ಬಳಿ ‘ಕಿರಿಯ ಸಂದರ್ಶಕರ ರಿಯಾಯಿತಿ’ ಸೇರಿಸಿಸಿ. 14 ದಿನಗಳವರೆಗೆ ಅರ್ಧ ದರ. ಬಸ್‌ಗಳಲ್ಲಿ 2014ರಿಂದಲೇ ನಗದು ತೆಗೆದುಕೊಳ್ಳುವುದಿಲ್ಲ.

ಅತ್ತೆಯವರಿಗಾಗಿ ಒಂದು ಮಾತು. ಲಂಡನ್ ಮೆಟ್ರೋದ ಹಳೆಯ ನಿಲ್ದಾಣಗಳಲ್ಲಿ ಮೆಟ್ಟಿಲುಗಳಿಗೆ ಲೆಕ್ಕವಿಲ್ಲ. ಮೆಟ್ಟಿಲಿಲ್ಲದೆ ಹೋಗಬಹುದಾದ ನಿಲ್ದಾಣಗಳ ನಕ್ಷೆಯೇ ಪ್ರತ್ಯೇಕವಾಗಿ ಸಿಗುತ್ತದೆ. 2022ರಲ್ಲಿ ಆರಂಭವಾದ ಎಲಿಜಬೆತ್ ಎಂಬ ರೈಲು ಮಾರ್ಗ ಹೀಥ್ರೋದಿಂದ ನೇರ ನಗರದ ನಡುವಿಗೆ ಬರುತ್ತದೆ, ಅದರ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಉಳಿದಂತೆ ಬಸ್ಸೇ ಹಿತ. ಮಹಡಿ ಬಸ್ಸಿನ ಕೆಳಗಿನ ಸಾಲಿನಲ್ಲಿ ಅತ್ತೆ ಮಾವ, ಮೇಲೆ ಮುಂದಿನ ಕಿಟಕಿಯಲ್ಲಿ ಮಕ್ಕಳು. ಇಬ್ಬರಿಗೂ ಊರು ಕಾಣುತ್ತದೆ. ಹೋಟೆಲ್ ಕಾಯ್ದಿರಿಸುವಾಗ ಲಿಫ್ಟ್ ಇದೆಯೇ ಎಂದು ಬರೆದು ಕೇಳಿ. ಹಳೆಯ ಕಟ್ಟಡಗಳಲ್ಲಿ ಇಲ್ಲದಿರುವುದೇ ಹೆಚ್ಚು. ಇಲ್ಲಿ ‘ಮೊದಲ ಮಹಡಿ’ ಎಂದರೆ ನಮ್ಮ ಊರಿನಂತೆಯೇ ನೆಲಮಹಡಿಯ ಮೇಲಿನದು, ಅಮೆರಿಕದವರು ಎರಡನೆಯದು ಎನ್ನುವುದು.

ಊಟಕ್ಕೆ ಚಿಂತೆ ಬೇಡ. ಪೊಟ್ಟಣಗಳ ಮೇಲೆ ಸಸ್ಯಾಹಾರಿಗಳಿಗೆ ಯೋಗ್ಯ ಎಂದು ಮುದ್ರಿಸಿರುವುದನ್ನು ನೋಡಿ ಕೊಳ್ಳಿ. ಮಕ್ಕಳ ಹಲವು ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್ ಇರುತ್ತದೆ. ಯೂಸ್ಟನ್ ನಿಲ್ದಾಣದ ಬಳಿಯ ಡ್ರಮಂಡ್ ಬೀದಿ, ಟೂಟಿಂಗ್, ಈಸ್ಟ್ ಹ್ಯಾಮ್, ವೆಂಬ್ಲಿ ಇಲ್ಲೆಲ್ಲ ನಮ್ಮ ಕಡೆಯ ಊಟ ತಿಂಡಿ ಸಿಗುತ್ತದೆ. ಊರಿನಿಂದ ಚಟ್ನಿಪುಡಿ ಬರಲಿ. ತುಪ್ಪ, ಪೇಡ ಬೇಡ, ಅಮೆರಿಕದಿಂದಾಗಲಿ ಭಾರತದಿಂದಾಗಲಿ ಹಾಲಿನ ಪದಾರ್ಥ ತರುವುದಕ್ಕೆ ನಿಷೇಧವಿದೆ. ಅತ್ತೆಯವರು ಕಾಯಿಸಿ ಕೊಟ್ಟ ತುಪ್ಪವನ್ನು ವಿಮಾನ ನಿಲ್ದಾಣದಲ್ಲಿ ಬಿಟ್ಟು ಬರುವ ಸಂಕಟ ನಿಮಗೆ ಬಾರದಿರಲಿ.

ನ್ಯೂಜೆರ್ಸಿಯಿಂದ

ಹ್ಯಾರೋದವರು ಹೇಳಿದ್ದಕ್ಕೆ ನಮ್ಮ ಕಳೆದ ವರ್ಷದ ಅನುಭವವನ್ನು ಸೇರಿಸುತ್ತೇನೆ.

ದಿನಾಂಕ. ನಾನು ಜೂನ್ 7ರ ರೈಲು ಎಂದುಕೊಂಡು 6/7 ಎಂದಿದ್ದ ಟಿಕೆಟ್‌ಗಳನ್ನು ಕೊಂಡೆ. ಅದು ಜುಲೈ 6. ಮುಂಗಡ ರಿಯಾಯಿತಿಯ ಟಿಕೆಟ್‌ಗಳ ಹಣ ಹಿಂದಿರುಗುವುದಿಲ್ಲ. ನಮ್ಮ ಊರಿನಲ್ಲಿ ದಿನ ಮೊದಲು, ತಿಂಗಳು ಆಮೇಲೆ ಬರೆಯುತ್ತಿದ್ದವಳು ನಾನು. ಹದಿನೆಂಟು ವರ್ಷದ ಅಮೆರಿಕ ವಾಸ ಅದನ್ನು ಅಳಿಸಿಹಾಕಿತ್ತು. ಇಂಥವು ಇನ್ನೂ ಇವೆ: ಪೆಟ್ರೋಲ್, ಟಾರ್ಚ್, ಲಿಫ್ಟ್, ಕ್ಯೂ, ಎಲ್ಲವೂ ನಾವು ಶಾಲೆಯಲ್ಲಿ ಕಲಿತ ಪದಗಳೇ. ಸಬ್‌ವೇ ಎಂಬ ಫಲಕ ಕಂಡರೆ ಅದು ರೈಲಲ್ಲ, ರಸ್ತೆಯಡಿಯ ಕಾಲುದಾರಿ. ನಮ್ಮ ಮಾವನವರು ಅಲ್ಲಿ ನಮಗಿಂತ ಸಲೀಸಾಗಿ ವ್ಯವಹರಿಸಿದರು. ಪ್ಲಗ್ ಪಕ್ಕದ ಸ್ವಿಚ್ಚನ್ನು ಒತ್ತಬೇಕೆಂಬುದು ನನ್ನ ಮಕ್ಕಳಿಗೆ ಹೊಳೆಯಲಿಲ್ಲ, ಮಾವನವರಿಗೆ ಹೊಳೆಯಿತು.

ವಿದ್ಯುತ್. ಅಲ್ಲಿ 230 ವೋಲ್ಟ್, ಅಮೆರಿಕದಲ್ಲಿ 120. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳು ಎರಡನ್ನೂ ತಡೆಯುತ್ತವೆ, ಮೂರು ಚಪ್ಪಟೆ ಕಾಲಿನ ಅಡಾಪ್ಟರ್ ಇದ್ದರಾಯಿತು. ನಾನು ಅನ್ನ ಮಾಡುವ ಪುಟ್ಟ ಕುಕ್ಕರ್ ಒಯ್ದಿದ್ದೆ. ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ ಎಂಬುದು ಸುಟ್ಟ ವಾಸನೆ ಬಂದಾಗ ತಿಳಿಯಿತು. ಅಡುಗೆಮನೆ ಇರುವ ವಸತಿಯನ್ನೇ ಹಿಡಿಯಿರಿ.

ಹಣ. ಯಂತ್ರ ಡಾಲರೋ ಪೌಂಡೋ ಎಂದು ಕೇಳಿದರೆ ಯಾವಾಗಲೂ ಪೌಂಡ್ ಒತ್ತಿ, ಡಾಲರ್ ಒತ್ತಿದರೆ ವಿನಿಮಯ ದರದಲ್ಲಿ ಕಳೆದುಕೊಳ್ಳುತ್ತೀರಿ. ಅಂಗಡಿಯಲ್ಲಿ ಬರೆದ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ರೆಸ್ಟೋರೆಂಟ್ ಬಿಲ್ಲಿನಲ್ಲಿ 12.5% ಸೇವಾ ಶುಲ್ಕ ಸೇರಿದೆಯೇ ಎಂದು ನೋಡಿ. ಸೇರಿದ್ದರೆ ಅದರ ಮೇಲೆ ಮತ್ತೆ ಟಿಪ್ಸ್ ಇಡಬೇಕಿಲ್ಲ. ನಾವು ಮೊದಲ ಮೂರು ದಿನ ಎರಡೆರಡು ಬಾರಿ ಕೊಟ್ಟಿದ್ದೆವು.

ಇನ್ನು ಮನಸ್ಸಿಗೆ ತೀರಾ ತಟ್ಟಿದ್ದು. ನಾಲ್ಕನೆಯ ದಿನ ಮಾವನವರಿಗೆ ಎದೆ ಹಿಡಿದಂತಾಯಿತು. ಅಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿದೆವು. ದೇವರ ದಯೆ, ಹೃದಯದ ತೊಂದರೆಯಾಗಿರಲಿಲ್ಲ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಹಣ ಕೇಳಲಿಲ್ಲ, ಅಲ್ಲಿನ ಚಿಕಿತ್ಸೆ ಸಂದರ್ಶಕರಿಗೂ ಉಚಿತ. ಆದರೆ ಒಳರೋಗಿಯಾಗಿ ದಾಖಲಾದರೆ ವೆಚ್ಚ ನಿಮ್ಮದು, ಅದೂ ದೊಡ್ಡ ಮೊತ್ತ. ಹಿರಿಯರಿಗೆ ಪ್ರವಾಸ ವಿಮೆ ಇಲ್ಲದೆ ಹೊರಡಬೇಡಿ, ಈಗಾಗಲೇ ಇರುವ ಬಿಪಿ, ಸಕ್ಕರೆ ಕಾಯಿಲೆಗಳನ್ನು ಮುಚ್ಚಿಡದೆ ಬರೆಯಿಸಿ. ಜ್ವರದ ಮಾತ್ರೆಗೆ ಟೈಲೆನಾಲ್ ಎಂದು ಕೇಳಿದರೆ ಅಂಗಡಿಯವರಿಗೆ ಅರ್ಥವಾಗದು, ಪ್ಯಾರಾಸಿಟಮಾಲ್ ಎನ್ನಿ.

ಎಡಿನ್‌ಬರೊದಿಂದ

ರೈಲಿನಲ್ಲಿಯೇ ಬನ್ನಿ. ಲಂಡನ್‌ನ ಕಿಂಗ್ಸ್ ಕ್ರಾಸ್‌ನಿಂದ ಸುಮಾರು ನಾಲ್ಕೂವರೆ ಗಂಟೆ. ಉತ್ತರಕ್ಕೆ ಮುಖಮಾಡಿ ಕುಳಿತರೆ ಬಲಗಡೆಯ ಕಿಟಕಿಗಳನ್ನು ಕಾಯ್ದಿರಿಸಿ: ಡರಮ್ ಊರಿನ ಕೆಥೆಡ್ರಲ್ ಎತ್ತರದಿಂದ ಕಾಣುತ್ತದೆ, ನ್ಯೂಕ್ಯಾಸಲ್ ದಾಟಿದ ಮೇಲೆ ಬೆರಿಕ್ ಬಳಿ ಸಮುದ್ರ ಪಕ್ಕಕ್ಕೇ ಬರುತ್ತದೆ. ಎಷ್ಟು ಬಾರಿ ಬಂದರೂ ನಾನು ಆ ಅರ್ಧ ಗಂಟೆ ಪುಸ್ತಕ ಮುಚ್ಚಿಡುತ್ತೇನೆ.

‘ಕುಟುಂಬ ಮತ್ತು ಸ್ನೇಹಿತರ’ ರೈಲ್‌ಕಾರ್ಡ್ ಒಂದನ್ನು ಕೊಳ್ಳಿ. ಒಂದೇ ಕಾರ್ಡಿನಲ್ಲಿ ನಾಲ್ವರು ದೊಡ್ಡವರು, ನಾಲ್ವರು ಮಕ್ಕಳು ಹೋಗಬಹುದು, ನಿಮ್ಮ ಆರು ಜನಕ್ಕೆ ಅಳತೆ ತೆಗೆದು ಹೊಲಿದಂತಿದೆ. ದೊಡ್ಡವರಿಗೆ ಮೂರನೇ ಒಂದು ಭಾಗ, ಮಕ್ಕಳಿಗೆ 60% ರಿಯಾಯಿತಿ. ಪ್ರವಾಸಿಗರೂ ಕೊಳ್ಳಬಹುದು. ಜೊತೆಯಲ್ಲಿ ಮಗುವೊಂದು ಇರಲೇಬೇಕು. ಈ ಒಂದು ಪ್ರಯಾಣದಲ್ಲಿ ಉಳಿಯುವ ಹಣದಲ್ಲಿಯೇ ಕಾರ್ಡಿನ ಬೆಲೆ ಹುಟ್ಟುತ್ತದೆ. ಮಂಡಿನೋವಿನವರಿಗೆ ನಿಲ್ದಾಣದಲ್ಲಿ ವೀಲ್‌ಚೇರ್ ನೆರವು ಉಚಿತ, ಮೊದಲೇ ತಿಳಿಸಿಡಿ. ಪ್ಲಾಟ್‌ಫಾರ್ಮ್ ಸಂಖ್ಯೆಯನ್ನು ಹೊರಡುವ ಕೆಲವೇ ನಿಮಿಷ ಮೊದಲು ಹಾಕುತ್ತಾರೆ, ಎಲ್ಲರೂ ಒಮ್ಮೆಲೇ ಓಡುತ್ತಾರೆ. ಆ ನೆರವಿದ್ದರೆ ಅತ್ತೆಯವರು ಓಡಬೇಕಾಗಿಲ್ಲ.

ಈ ಊರು ಏರು ಇಳಿತಗಳದು. ಕೋಟೆಯ ಒಳಗೆ ಕಲ್ಲು ಹಾಸಿನ ಕಡಿದಾದ ದಾರಿ, ಹಿರಿಯರಿಗಾಗಿ ಒಳಗಿನ ವಾಹನದ ಬಗ್ಗೆ ಬಾಗಿಲಲ್ಲೇ ವಿಚಾರಿಸಿ. ಜೂನ್‌ನಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತದೆ, ಮಕ್ಕಳನ್ನು ಮಲಗಿಸಲು ಕಿಟಕಿಯ ಪರದೆ ಎಳೆಯಬೇಕಾಗುತ್ತದೆ. ಕೊಡೆ ತರಬೇಡಿ, ಇಲ್ಲಿನ ಗಾಳಿ ಅದನ್ನು ಉಲ್ಟಾ ಮಾಡುತ್ತದೆ. ಟೊಪ್ಪಿಗೆ ಇರುವ ಮಳೆ ಕೋಟು ತನ್ನಿ. 2026ರ ಜುಲೈ 24ರಿಂದ ವಸತಿ ದರದ ಮೇಲೆ 5% ಪ್ರವಾಸಿ ತೆರಿಗೆಯೂ ಇದೆ, ಮೊದಲ ಐದು ರಾತ್ರಿಗಳಿಗೆ. ಆಗಸ್ಟ್‌ನಲ್ಲಿ ಬರುವವರಿಗೆ ಹೇಳುತ್ತೇನೆ: ಉತ್ಸವದ ತಿಂಗಳದು, ಕೊಠಡಿಗಳ ಬೆಲೆ ಕೇಳಲಾಗದು.

ಸ್ಕೈಗೆ ಮುಂದೊಮ್ಮೆ ಬನ್ನಿ, ಆಗ ಕಾರು ಬೇಕು. ಆಟೊಮ್ಯಾಟಿಕ್ ಗೇರಿನ ಕಾರೇ ಬೇಕೆಂದು ಬಿಡಿಸಿ ಹೇಳಿ ಕೇಳಬೇಕು. ಅಲ್ಲಿ ಒಂದೇ ಕಾರು ಹಿಡಿಸುವ ರಸ್ತೆಗಳಿವೆ, ನಡುನಡುವೆ ಸರಿದು ನಿಲ್ಲಲು ಅಗಲದ ಜಾಗ. ಎದುರಿಗೆ ಬರುವವರಿಗೆ ದಾರಿ ಕೊಟ್ಟು ಕೈ ಎತ್ತಿದರೆ, ಅವರೂ ಎತ್ತುತ್ತಾರೆ.

ಡಲ್ಲಾಸ್‌ನಿಂದ, ಮತ್ತೆ

ಎಲ್ಲರಿಗೂ ಧನ್ಯವಾದಗಳು. ಮಾವನವರ ಜೊತೆ ಮಾತನಾಡಿದೆ. ಬೆಂಗಳೂರಿನಿಂದ ನೇರ ಬರುವುದಕ್ಕೆ ಇಬ್ಬರಿಗೂ ಸಂತೋಷ. ಸ್ಕೈ, ಲೇಕ್ ಡಿಸ್ಟ್ರಿಕ್ಟ್ ಎರಡನ್ನೂ ತೆಗೆದೆವು. ಕಾರಿಲ್ಲದೆ ಸ್ಟೋನ್‌ಹೆಂಜ್ ತಲುಪುವುದು ಹೇಗೆ? ಲಂಡನ್‌ನಲ್ಲಿ ಬಸವಣ್ಣನವರ ಪ್ರತಿಮೆ ಇದೆಯಂತೆ, ಅತ್ತೆಯವರು ಅದೊಂದನ್ನು ಬಿಡುವ ಹಾಗಿಲ್ಲ ಎಂದಿದ್ದಾರೆ.

ಹ್ಯಾರೋದಿಂದ

ಸ್ಟೋನ್‌ಹೆಂಜ್‌ಗೆ ವಾಟರ್‌ಲೂ ನಿಲ್ದಾಣದಿಂದ ಸಾಲ್ಸ್‌ಬರಿಗೆ ಒಂದೂವರೆ ಗಂಟೆಯ ರೈಲು, ಅಲ್ಲಿ ನಿಲ್ದಾಣದ ಹೊರಗೇ ಸ್ಟೋನ್‌ಹೆಂಜ್ ಬಸ್ ಸಿಗುತ್ತದೆ. ಸಂಜೆ ಸಾಲ್ಸ್‌ಬರಿಯಿಂದ ಬಾತ್‌ಗೆ ನೇರ ರೈಲು, ಒಂದು ಗಂಟೆಯ ದಾರಿ.

ಬಸವಣ್ಣನವರ ಪ್ರತಿಮೆ ಇರುವುದು ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಲ್ಯಾಂಬೆತ್ ಸೇತುವೆಯಿಂದ ಸ್ವಲ್ಪವೇ ನಡಿಗೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದ್ದು. ದಾರಿ ಸಮತಟ್ಟಾಗಿದೆ, ಕುಳಿತುಕೊಳ್ಳಲು ಬೆಂಚುಗಳಿವೆ. ಮರುದಿನ ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂಗೆ ಹೋಗಿ, ಪ್ರವೇಶ ಉಚಿತ. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಬ್ರಿಟಿಷರ ಕೈಸೇರಿದ ಟಿಪ್ಪುವಿನ ಮರದ ಹುಲಿ ಅಲ್ಲಿದೆ. ಹಾಸನದಿಂದ ಶ್ರೀರಂಗಪಟ್ಟಣ ಎಷ್ಟು ದೂರ ಎಂದು ನಿಮ್ಮ ಮಾವನವರೇ ಮೊಮ್ಮಕ್ಕಳಿಗೆ ಹೇಳಲಿ. ಫೋಟೊ ತೆಗೆಯುವುದು ಮ್ಯೂಸಿಯಂ ಒಳಗಿರಲಿ. ಹೊರಗೆ ಬೀದಿಯಂಚಿನಲ್ಲಿ ಫೋನ್ ಕೈಯಲ್ಲಿ ಹಿಡಿದು ನಿಲ್ಲಬೇಡಿ, ಎಲೆಕ್ಟ್ರಿಕ್ ಸೈಕಲ್‌ಗಳಲ್ಲಿ ಬಂದು ಕಸಿದು ಹೋಗುವವರಿದ್ದಾರೆ.

ಬರುವ ವಾರ ತಿಳಿಸಿ. ಅತ್ತೆಯವರಿಗೆ ನಮ್ಮ ಮನೆಯಲ್ಲಿ ಒಂದು ದಿನ ಅಕ್ಕಿರೊಟ್ಟಿ, ತುಪ್ಪ ಇಲ್ಲಿಯದೇ ಇದೆ.