ಅಪ್ಪನಿಗೆ ರಾತ್ರಿ ಹೊತ್ತು ಅಂಗಾಲು ಉರಿ. ಉಸಿರಾಟ, ಯೋಗನಿದ್ರೆಯಿಂದ ಯಾರಿಗಾದರೂ ಕಡಿಮೆ ಆಗಿದೆಯಾ?

ಮತ್ತಿಕೆರೆ ಮಗಳು:

ಎಲ್ಲರಿಗೂ ನಮಸ್ಕಾರ. ಅಪ್ಪ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದು ರಿಟೈರ್ ಆದವರು. ಶುಗರ್ ಬಂದು ಬಹಳ ವರ್ಷ ಆಯಿತು. ಹಗಲು ಏನೂ ತೊಂದರೆ ಹೇಳುವುದಿಲ್ಲ. ಜೆ.ಪಿ. ಪಾರ್ಕಿನಲ್ಲಿ ವಾಕಿಂಗ್, ಪೇಪರ್, ಊಟ ಎಲ್ಲ ಸರಿಯಾಗಿಯೇ ನಡೆಯುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಶುರು. ಎರಡೂ ಅಂಗಾಲು ಧಗಧಗ ಅಂತ ಉರಿಯುತ್ತದೆ, ಬೆರಳಿಗೆ ಸೂಜಿ ಚುಚ್ಚಿದ ಹಾಗೆ ಆಗುತ್ತದೆ ಅಂತಾರೆ. ಹೊದಿಕೆಯ ಅಂಚು ತಾಗಿದರೂ ತಡೆಯಲಾರರು. ಎದ್ದು ಕೂತು, ಕಾಲನ್ನು ಮಂಚದಿಂದ ಇಳಿಬಿಟ್ಟು ರೆಡ್ ಆಕ್ಸೈಡ್ ನೆಲಕ್ಕೆ ಊರಿದರೆ ಸ್ವಲ್ಪ ಸಮಾಧಾನ.

ಡಾಕ್ಟರ್ ನರದ ತೊಂದರೆ ಅಂದರು. ರಾತ್ರಿಗೆ ಪ್ರಿಗ್ಯಾಬಲಿನ್ ಕೊಟ್ಟಿದ್ದಾರೆ. ಉರಿ ಒಂಚೂರು ಇಳಿದಿದೆ. ಡೋಸ್ ಜಾಸ್ತಿ ಮಾಡಿದಾಗ ಬೆಳಗ್ಗೆ ತಲೆ ಸುತ್ತು, ತೂಕಡಿಕೆ. ಅದಕ್ಕೆ ಮತ್ತೆ ಕಡಿಮೆ ಮಾಡಿದರು. ಮಾತ್ರೆ ನಿಲ್ಲಿಸುವ ಯೋಚನೆ ನಮಗಿಲ್ಲ. ಅದರ ಜೊತೆಗೆ ಮನಸ್ಸು, ಮೈ ಸಡಿಲ ಮಾಡುವ ಏನಾದರೂ ಕಲಿಸೋಣ ಅಂತ. ಅನುಭವ ಇರುವವರು ದಯವಿಟ್ಟು ಹೇಳಿ. ಬಿಸಿನೀರಿಗೆ ಉಪ್ಪು ಹಾಕಿ ಕಾಲಿಡಿ ಅಂತ ನೆಂಟರು ಹೇಳ್ತಿದ್ದಾರೆ. ಅದು ಸರಿಯಾ?

ರಾಜಾಜಿನಗರ ಮೇಷ್ಟ್ರು:

ನೋಡಮ್ಮ, ನನಗೂ ಇದೇ ಉರಿ. ನಿಮ್ಮ ತಂದೆಯವರ ಪಾಡು ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಉಸಿರಾಟದಿಂದ ನರ ವಾಸಿಯಾಗುವುದಿಲ್ಲ. ವರ್ಷಗಟ್ಟಲೆ ಸಕ್ಕರೆ ಏರಿ ಏರಿ ಕೆಟ್ಟ ನರ ಅದು. ವಾಸಿ ಮಾಡ್ತೀವಿ ಅನ್ನುವವರನ್ನು ನಂಬಬೇಡಿ. ಆದರೆ ನೋವು ತಡೆದುಕೊಳ್ಳುವುದಕ್ಕೆ, ನಿದ್ದೆ ಹತ್ತುವುದಕ್ಕೆ ಖಂಡಿತ ಸಹಾಯ ಆಗುತ್ತದೆ.

ಉರಿ ಬಂದಾಗ ಅವರನ್ನು ಗಮನಿಸಿ. ಹಲ್ಲು ಕಚ್ಚಿರುತ್ತಾರೆ. ಭುಜ ಮೇಲೆ ಹೋಗಿರುತ್ತದೆ. ಉಸಿರು ಎದೆಯಲ್ಲೇ ಓಡುತ್ತಿರುತ್ತದೆ. ಇವತ್ತೂ ನಿದ್ದೆ ಇಲ್ಲ ಅನ್ನುವ ಭಯ ಬೇರೆ. ಆ ಭಯಕ್ಕೆ ಮೈ ಇನ್ನೂ ಬಿಗಿಯುತ್ತದೆ, ಮೈ ಬಿಗಿದಷ್ಟೂ ಉರಿ ಜಾಸ್ತಿ. ನಾವು ಬಿಡಿಸಬೇಕಾದ್ದು ಈ ಬಿಗಿಯನ್ನು.

ನಾನು ಉರಿ ಏರುವ ಮುಂಚೆಯೇ ಕೂರುತ್ತೇನೆ. ಏರಿದ ಮೇಲೆ ಶುರು ಮಾಡಿದರೆ ಮನಸ್ಸು ನಿಲ್ಲುವುದಿಲ್ಲ. ನೆಲದ ಮೇಲೇ ಕೂರಬೇಕು ಅಂತೇನಿಲ್ಲ, ಬೆನ್ನಿಗೆ ಆಧಾರ ಇರುವ ಕುರ್ಚಿ ಸಾಕು. ಮೂಗಿನಿಂದ ಉಸಿರು ಎಳೆಯುತ್ತಾ ಮನಸ್ಸಿನಲ್ಲೇ 4 ಎಣಿಸುವುದು, ಬಿಡುತ್ತಾ 6 ಎಣಿಸುವುದು. ಬಿಡುವುದು ಉದ್ದ ಇರಬೇಕು. ಕಟ್ಟಿ ಹಿಡಿಯುವುದು ಬೇಡ. ಆಮೇಲೆ ಭ್ರಾಮರಿ. ತುಟಿ ಮುಚ್ಚಿ, ಒಳಗೆ ಹಲ್ಲಿಗೆ ಹಲ್ಲು ತಾಗಿಸದೆ, ಉಸಿರು ಬಿಡುವಾಗ ಮ್‌ಮ್‌ಮ್ ಅಂತ ಗುಂಯ್‌ಗುಡುವುದು. ಸರಿಯಾಗಿ ಬಂದರೆ ಮೇಲ್ದುಟಿ, ಮೂಗಿನ ಬುಡ ಜುಂ ಅನ್ನುತ್ತದೆ. ನಮ್ಮ ಮನೆ ಮುಂದೆ ರಾತ್ರಿ ಹನ್ನೊಂದಾದರೂ ಗಾಡಿಗಳ ಸದ್ದು ನಿಲ್ಲುವುದಿಲ್ಲ. ಭ್ರಾಮರಿ ಮಾಡುವಷ್ಟು ಹೊತ್ತು ಅದು ಕಿವಿಗೇ ಬೀಳುವುದಿಲ್ಲ.

ಆಮೇಲೆ ಮಲಗಿ ಮೈ ಸಡಿಲ ಬಿಡುವುದು. ಎಡ್ಮಂಡ್ ಜೇಕಬ್‌ಸನ್ ಅನ್ನುವ ಅಮೆರಿಕದ ವೈದ್ಯರು 1920ರ ದಶಕದಲ್ಲೇ ಇಂಥದ್ದೊಂದು ಕ್ರಮ ಮಾಡಿದ್ದರು. ಒಂದೊಂದೇ ಸ್ನಾಯುವನ್ನು ಬಿಗಿ ಹಿಡಿದು ಬಿಟ್ಟುಬಿಡುವುದು. ಮುಷ್ಟಿ ಬಿಗಿ ಹಿಡಿ, ಬಿಡು. ಭುಜ ಎತ್ತು, ಬಿಡು. ಹಣೆ ಸುಕ್ಕು ಮಾಡು, ಬಿಡು. ನಮ್ಮಂಥವರು ಪಾದಕ್ಕೆ ಮಾತ್ರ ಇದನ್ನು ಮಾಡಬಾರದು ಅಂತ ನನ್ನ ಅಭಿಪ್ರಾಯ. ಬೆರಳು ಮುದುಡಿ ಬಿಗಿ ಹಿಡಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಆಮೇಲೆ ನಿದ್ದೆಯ ಮಾತೇ ಇಲ್ಲ. ಮೊಣಕಾಲಿನವರೆಗೆ ಬಂದು ಅಲ್ಲಿಂದ ಮತ್ತೆ ಕೈಗೆ ಹೋಗಲಿ. ಯೋಗನಿದ್ರೆಯಲ್ಲೂ, ಅಂದರೆ ಮಲಗಿಕೊಂಡು ಮೈಯ ಒಂದೊಂದೇ ಭಾಗಕ್ಕೆ ಗಮನ ಕೊಡುತ್ತಾ ಹೋಗುವಾಗಲೂ, ಅಷ್ಟೇ. ಪಾದದ ಸರದಿ ಬಂದಾಗ ಗಮನ ಅಲ್ಲೇ ಸಿಕ್ಕಿಕೊಂಡು ಉರಿ ದೊಡ್ಡದಾಗಿ ಕಂಡರೆ, ಅಂಗೈ ಕಡೆಗೆ ಮನಸ್ಸು ತಿರುಗಿಸಲಿ.

ಇನ್ನೊಂದು. ಮಂಚದ ಕಾಲ್ದೆಸೆಯಲ್ಲಿ ಒಂದು ಗಟ್ಟಿ ರಟ್ಟಿನ ಡಬ್ಬ ಇಟ್ಟು ಹೊದಿಕೆಯನ್ನು ಅದರ ಮೇಲೆ ಹಾಕಿ. ಬಟ್ಟೆ ಪಾದಕ್ಕೆ ತಾಗುವುದಿಲ್ಲ. ನನ್ನ ಹೆಂಡತಿ ಕಂಡುಹಿಡಿದ ಉಪಾಯ ಇದು. ಇದರಿಂದ ಆದಷ್ಟು ಉಪಕಾರ ಇನ್ಯಾವುದರಿಂದಲೂ ಆಗಿಲ್ಲ.

ಮೊದಲ ವಾರ ಏನೂ ಗೊತ್ತಾಗುವುದಿಲ್ಲ. ಬಿಡದೆ ಮಾಡಿಸಿ.

ಪಾದದ ಕ್ಲಿನಿಕ್ ಸಿಸ್ಟರ್:

ಮೇಷ್ಟ್ರು ಹೇಳಿದ್ದು ಚೆನ್ನಾಗಿದೆ. ನಾನು ಶುಗರ್ ಇರುವವರ ಪಾದ ನೋಡುವ ಕೆಲಸದಲ್ಲಿದ್ದೇನೆ. ಬಿಸಿನೀರು ಖಂಡಿತ ಬೇಡ. ಉರಿಯುವ ಪಾದಕ್ಕೆ ಸುಡುವುದು ಗೊತ್ತಾಗುತ್ತದೆ ಅಂತ ಅಂದುಕೊಳ್ತಾರೆ. ಹಾಗಲ್ಲ. ಉರಿಯೂ ಇರುತ್ತದೆ, ಸ್ಪರ್ಶ ಜ್ಞಾನವೂ ಹೋಗಿರುತ್ತದೆ. ನೀರು ಕುದಿಯುವಷ್ಟಿದ್ದರೂ ಹಿತವಾಗಿದೆ ಅಂತ ಕೂತಿರುತ್ತಾರೆ. ಬೆಳಗ್ಗೆ ನೋಡಿದರೆ ಬೊಬ್ಬೆ. ಹಾಟ್ ವಾಟರ್ ಬ್ಯಾಗೂ ಬೇಡ, ಐಸೂ ಬೇಡ. ಸ್ನಾನದ ನೀರನ್ನು ನೀವು ಮೊಣಕೈಯಿಂದ ಮುಟ್ಟಿ ನೋಡಿ ಕೊಡಿ.

ನೀವು ಬರೆದಿದ್ದರಲ್ಲಿ ಒಂದು ವಿಷಯ ನನಗೆ ಯೋಚನೆಗೆ ಬಂತು. ಕಾಲು ಇಳಿಬಿಟ್ಟರೆ ಸಮಾಧಾನ ಅಂದಿರಿ. ನೆಲದ ತಂಪಿಗೆ ಸಮಾಧಾನ ಆಗುತ್ತಾ, ಇಳಿಬಿಟ್ಟಿದ್ದಕ್ಕೇ ಆಗುತ್ತಾ? ಕೇಳಿ. ಮಲಗಿದಾಗ ನೋವು, ಕಾಲು ಕೆಳಗೆ ಬಿಟ್ಟರೆ ಕಡಿಮೆ ಅಂದರೆ ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲ ಅಂತಲೂ ಇರಬಹುದು. ನಡೆಯುವಾಗ ಮೀನಖಂಡ ಹಿಡಿದು, ನಿಂತರೆ ಬಿಡುತ್ತಾ ಅಂತಲೂ ಕೇಳಿ. ಅದು ಬೇರೆ ಕಾಯಿಲೆ, ಅದಕ್ಕೆ ಉಸಿರಾಟ ಮಾಡಿಸುತ್ತಾ ಕೂರಬಾರದು. ಪಾದದ ನಾಡಿ ನೋಡುತ್ತಾರೆ. ಕೈಯ ಬಿಪಿ, ಕಾಲಿನ ಬಿಪಿ ಹೋಲಿಸುವ ಎಬಿಐ ಟೆಸ್ಟ್ ಇದೆ, ನೋವಿಲ್ಲದ ಟೆಸ್ಟ್. ತೆಳ್ಳಗಿನ ನೈಲಾನ್ ಎಳೆಯಿಂದ ಪಾದ ಒತ್ತಿ ಸ್ಪರ್ಶವನ್ನೂ ನೋಡುತ್ತಾರೆ. ಜಯನಗರದಲ್ಲಿ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಇದೆ, ಅಲ್ಲೂ ವಿಚಾರಿಸಿ.

ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಬಹಳ ವರ್ಷದಿಂದ ತಗೊಳ್ತಿದ್ದರೆ ವಿಟಮಿನ್ ಬಿ12 ಟೆಸ್ಟ್ ಮಾಡಿಸಿ. ಆ ಮಾತ್ರೆಯಿಂದ ಬಿ12 ಇಳಿಯಬಹುದು. ಅದು ಇಳಿದರೂ ಇದೇ ಥರ ಜೋಮು, ಉರಿ ಬರುತ್ತದೆ.

ಕಪಾಲಭಾತಿ, ಕುಂಭಕ (ಉಸಿರು ಕಟ್ಟಿ ಹಿಡಿಯುವುದು), ಶೀರ್ಷಾಸನ ಇವೆಲ್ಲ ಕಣ್ಣಿನ ಡಾಕ್ಟರನ್ನು ಕೇಳದೆ ಬೇಡ. ಶುಗರ್‌ನಿಂದ ಕಣ್ಣಿನ ಹಿಂಭಾಗದ ರಕ್ತನಾಳ ಕೆಟ್ಟಿದ್ದರೆ ಅಪಾಯ. ರಾತ್ರಿ ಬೆವರು, ನಡುಕ, ಎದೆ ಡವಡವ ಬಂದರೆ ಮೊದಲು ಗ್ಲುಕೋಮೀಟರ್ ಹಿಡಿಯಿರಿ. 70ಕ್ಕಿಂತ ಕೆಳಗಿದ್ದರೆ ತಕ್ಷಣ ಸಕ್ಕರೆ ನೀರು ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ.

ಮತ್ತಿಕೆರೆ ಮಗಳು:

ಸಿಸ್ಟರ್, ಅವತ್ತೇ ಅಪ್ಪನನ್ನು ಕೇಳಿದೆ. ಕಾಲನ್ನು ಸ್ಟೂಲಿನ ಮೇಲಿಟ್ಟು ಒದ್ದೆ ಬಟ್ಟೆ ಹಾಕಿದರೂ ಅಷ್ಟೇ ಹಿತ ಅಂದರು. ಆದರೂ ಮನಸ್ಸು ತಡೆಯಲಿಲ್ಲ, ಕರ್ಕೊಂಡು ಹೋಗಿ ತೋರಿಸಿದೆ. ನಾಡಿ ಎರಡೂ ಪಾದದಲ್ಲಿ ಸಿಗುತ್ತಿದೆ, ಎಬಿಐ ಸರಿಯಿದೆ. ಬಿ12 ಬಹಳ ಕಡಿಮೆ ಇತ್ತು! ಇಂಜೆಕ್ಷನ್ ಶುರು ಮಾಡಿದ್ದಾರೆ. ನೈಲಾನ್ ಎಳೆ ಒತ್ತಿದಾಗ ಬಲಗಾಲಿನ ಹೆಬ್ಬೆರಳ ಕೆಳಗೆ ಅಪ್ಪನಿಗೆ ಗೊತ್ತೇ ಆಗಲಿಲ್ಲ. ಕಣ್ಣು ಮುಚ್ಚಿಕೊಂಡು, ಒತ್ತಿದ್ರಾ, ಒತ್ತಿದ್ರಾ ಅಂತ ಕೇಳ್ತಾನೇ ಇದ್ದರು. ನನಗೆ ನೋಡಲಾಗಲಿಲ್ಲ.

ಮೇಷ್ಟ್ರೇ, ಡಬ್ಬದ ಉಪಾಯಕ್ಕೆ ಅಮ್ಮ ನಿಮ್ಮ ಮನೆಯವರಿಗೆ ನಮಸ್ಕಾರ ಹೇಳಿದ್ದಾರೆ. ಅಪ್ಪ ಭ್ರಾಮರಿ ಮಾಡ್ತಾರೆ. ಉಸಿರು ಎಣಿಸುವುದು ಅವರಿಗೆ ಚೆನ್ನಾಗಿ ಹಿಡಿಸಿದೆ, ವಾಚ್ ಕೆಲಸದವರು ಅಲ್ವಾ. ಉರಿ ಹೋಗಿಲ್ಲ. ಆದರೆ ಎಚ್ಚರ ಆದಾಗ ಎದ್ದು ಓಡಾಡದೆ, ಮಲಗಿದಲ್ಲೇ ಉಸಿರು ಬಿಡುತ್ತಾ ಮತ್ತೆ ನಿದ್ದೆ ಹೋಗ್ತಾರೆ.

ಕೊನೆಯದಾಗಿ ಒಂದು ಪ್ರಶ್ನೆ. ಸೋಮವಾರ ಕಾಡು ಮಲ್ಲೇಶ್ವರನ ದೇವಸ್ಥಾನಕ್ಕೆ ಹೋಗುವುದನ್ನು ಬಿಡಲ್ಲ ಅಂತಾರೆ. ಬರಿಗಾಲು.

ಪಾದದ ಕ್ಲಿನಿಕ್ ಸಿಸ್ಟರ್:

ಬಿಡಿಸಬೇಡಿ, ಹೋಗಲಿ. ಬಿಸಿಲೇರಿ ಕಲ್ಲು ಕಾಯುವ ಮುಂಚೆ, ಬೆಳಗ್ಗೆಯೇ ಹೋಗಿ ಬರಲಿ. ಚಪ್ಪಲಿ ಬಿಟ್ಟ ಮೇಲೆ ದಪ್ಪ ಕಾಟನ್ ಸಾಕ್ಸ್ ಹಾಕಿಕೊಳ್ಳಲಿ, ಎಲಾಸ್ಟಿಕ್ ಬಿಗಿ ಇರಬಾರದು. ಬಿಳಿ ಬಣ್ಣದ್ದೇ ಕೊಡಿ, ಏನಾದರೂ ಚುಚ್ಚಿ ರಕ್ತ ಬಂದರೆ ಕಾಣುತ್ತದೆ. ಮನೆಗೆ ಬಂದ ಮೇಲೆ ಪಾದ ತೊಳೆದು, ಬೆರಳ ಸಂದಿ ಒರೆಸಿ, ಅಂಗಾಲನ್ನು ನೀವೇ ನೋಡಿ. ಆ ಹೆಬ್ಬೆರಳ ಕೆಳಗಿನ ಜಾಗವನ್ನು ದಿನಾ ನೋಡಿ. ಮನೆಯೊಳಗೆ ಓಡಾಡುವುದಕ್ಕೂ ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿ ಕೊಡಿಸಿ.